ವಿಷಾನಾ, ಏಟಾ? ಒಂದನ್ನು ಹಿಡಿಯಿರಿ

ಪ್ರಶ್ನೆ: ನಾನು ಹೊಳೆನರಸೀಪುರದವನು, ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ರೂಮಿನಲ್ಲಿ ನಾಲ್ಕು ಜನ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಅನ್ನುವ ಕಾರ್ಡ್ ಆಟ ಆಡುತ್ತೇವೆ. ನನ್ನದು ವಿಲನ್‌ಗಳಾದ ಫೈರೆಕ್ಸಿಯನ್ನರ ಡೆಕ್, ಕಪ್ಪು-ಹಸಿರು. ಅರ್ಧ ಇನ್ಫೆಕ್ಟ್ ಕ್ರೀಚರ್ (ಲೈಫ್ ಇಳಿಸುವ ಬದಲು ಪಾಯಿಸನ್ ಅಂದರೆ ವಿಷದ ಲೆಕ್ಕ ಏರಿಸುವ ಪ್ರಾಣಿ), ಅರ್ಧ ಮಾಮೂಲಿ ದೊಡ್ಡ ಕ್ರೀಚರ್. ಹೋದ ವಾರ ಎದುರಾಳಿಗೆ ಪಾಯಿಸನ್ 7 ಹತ್ತಿತ್ತು, ಲೈಫ್ 20ರಿಂದ 6ಕ್ಕೆ ಇಳಿದಿತ್ತು. ಆದರೂ ಸೋತೆ. ಟಾಕ್ಸಿಕ್ ಕಾರ್ಡ್‌ಗಳನ್ನೂ ಸೇರಿಸಲಾ ಸರ್?

ಉತ್ತರ: ಮೊದಲು ಒಂದು ಕೂಡುವ ಲೆಕ್ಕ ಮಾಡಿ. 7 ಪಾಯಿಸನ್, 14 ಏಟು. ಒಟ್ಟು 21. ಪಾಯಿಸನ್ 10 ಆದರೆ ಸಾಕು, ಎದುರಾಳಿ ಸೋತ. ನೀವು ಕೊಟ್ಟಿದ್ದೆಲ್ಲ ಪಾಯಿಸನ್ನೇ ಆಗಿದ್ದರೆ ಅವನು ಎರಡು ಸಲ ಸಾಯುತ್ತಿದ್ದ! ಇನ್ಫೆಕ್ಟ್ ಏಟು ಲೈಫ್ ಇಳಿಸುವುದಿಲ್ಲ, ಮಾಮೂಲಿ ಏಟು ಪಾಯಿಸನ್ ಏರಿಸುವುದಿಲ್ಲ. ಎರಡು ಬಿಂದಿಗೆ ಇಟ್ಟುಕೊಂಡು ಎರಡನ್ನೂ ಅರ್ಧರ್ಧ ತುಂಬಿಸಿದ್ದೀರಿ.

ಬೈಯುತ್ತಿಲ್ಲ. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರದ ನನ್ನ ಸ್ಟೇಷನರಿ ಅಂಗಡಿಯಲ್ಲಿ ಭಾನುವಾರ ಅರ್ಧ ಷಟರ್ ಇಳಿಸಿ ನಾವೂ ಆಡುತ್ತೇವೆ. ಪಿಯುಸಿ ಓದುವ ಹುಡುಗಿಯೊಬ್ಬಳ ಎದುರು ನಾನೂ ಇಂಥದ್ದೇ ಡೆಕ್ ಹಿಡಿದು ನಾಲ್ಕು ವಾರ ಸೋತೆ. ದೊಡ್ಡ ಕ್ರೀಚರ್‌ಗಳನ್ನು ಬಿಡೋಕೆ ಮನಸ್ಸೇ ಬರುತ್ತಿರಲಿಲ್ಲ. ಚಿತ್ರ ಚೆನ್ನಾಗಿರುತ್ತೆ, ಅಲ್ವಾ?

ಅವನ್ನು ತೆಗೆದು ಡಬ್ಬಿಗೆ ಹಾಕಿ. ಇನ್ಫೆಕ್ಟ್ ಇರುವ ಗ್ಲಿಸ್ಟನರ್ ಎಲ್ಫ್ ನಾಲ್ಕು, ಪ್ಲೇಗ್ ಸ್ಟಿಂಗರ್ ನಾಲ್ಕು ಇರಲಿ. ಎಲ್ಫ್‌ಗೆ ಒಂದೇ ಮನ (ಲ್ಯಾಂಡ್ ಕಾರ್ಡ್‌ಗಳಿಂದ ಸಿಗುವ ಶಕ್ತಿ, ಕಾರ್ಡ್ ಇಳಿಸಲು ಕೊಡುವ ಬೆಲೆ), ಸ್ಟಿಂಗರ್‌ಗೆ ಎರಡು. ಎರಡೂ ಬರೀ 1/1, ಅಂದರೆ ಕೊಡುವ ಏಟೂ ಒಂದು, ತಾಳುವ ಏಟೂ ಒಂದು, ನೋಡಿದರೆ ನಗು ಬರುತ್ತೆ. ಆದರೆ ಸ್ಟಿಂಗರ್ ಹಾರುತ್ತೆ, ಅದನ್ನು ತಡೆಯುವವರು ಕಮ್ಮಿ. ಅದಕ್ಕೆ ಜೈಂಟ್ ಗ್ರೋತ್ ಹಾಕಿದರೆ ಆ ಟರ್ನ್ ಮುಗಿಯುವವರೆಗೆ 4/4. ಅಂದರೆ ಒಂದೇ ಏಟಿಗೆ 4 ಪಾಯಿಸನ್. ಮೊದಲ ಸಲ 1, ಎರಡನೇ ಸಲ 4, ಮೂರನೇ ಸಲ ಎರಡು ಗ್ರೋತ್ ಸೇರಿ 7. ಲೆಕ್ಕ 12ಕ್ಕೆ ಬಂತು. ಎದುರಾಳಿ ಲೈಫ್ ಎಷ್ಟಾದರೂ ಏರಿಸಿಕೊಳ್ಳಲಿ, ಪಾಯಿಸನ್ ಇಳಿಯಲ್ಲ.

ಎಲ್ಲರೂ ಎಡವುವುದು ಗ್ರೋತ್ ಯಾವಾಗ ಹಾಕಬೇಕು ಅನ್ನುವುದರಲ್ಲಿ. ನಿಮ್ಮ ಗ್ರೋತ್ ಕೆಲಸ ಮಾಡುವ ಮುಂಚೆಯೇ ಅವನು ಲೈಟ್ನಿಂಗ್ ಬೋಲ್ಟ್ ಹೊಡೆದರೆ ಸ್ಟಿಂಗರ್ರೂ ಹೋಯ್ತು, ಗ್ರೋತ್ತೂ ಹೋಯ್ತು. ಒಂದಕ್ಕೆ ಎರಡು ನಷ್ಟ. ಹಾಗಾಗಿ ಅವನು ಬ್ಲಾಕ್ ಮಾಡಲ್ಲ ಅಂದ ಮೇಲೆ ಹಾಕಿ, ಅದೂ ಅವನ ಲ್ಯಾಂಡ್‌ಗಳೆಲ್ಲ ಮಲಗಿರುವಾಗ, ಅಂದರೆ ಮನ ಖರ್ಚಾಗಿ ಅಡ್ಡ ತಿರುಗಿಸಿಟ್ಟಿರುವಾಗ. ಅಷ್ಟು ಕಾಯೋಕೆ ಆಗದಿದ್ದರೆ ಡ್ಯೂರೆಸ್ ಇದೆ. ಒಂದು ಕಪ್ಪು ಮನ ಕೊಟ್ಟು ಅವನ ಕೈ ನೋಡಿ, ಕ್ರೀಚರ್ರೂ ಲ್ಯಾಂಡೂ ಅಲ್ಲದ ಒಂದು ಕಾರ್ಡನ್ನು ನೀವೇ ಆರಿಸಿ ಬಿಸಾಡಿಸಬಹುದು. ಬೋಲ್ಟ್ ಕಂಡರೆ ಬಿಡಬೇಡಿ.

ಇನ್ನು ಟಾಕ್ಸಿಕ್. ಇನ್ಫೆಕ್ಟ್ 2010ರಲ್ಲಿ ಬಂತು, ಟಾಕ್ಸಿಕ್ 2023ರಲ್ಲಿ. ಎರಡೂ ವಿಷವೇ, ಆದರೆ ಸ್ವಭಾವ ಬೇರೆ. ಟಾಕ್ಸಿಕ್ 1 ಇರುವ ಕ್ರೀಚರ್ ಲೈಫನ್ನೂ ಇಳಿಸುತ್ತೆ, ಪಾಯಿಸನ್ನೂ ಕೊಡುತ್ತೆ. ಆದರೆ ನೀವು ಅದನ್ನು 10/10 ಮಾಡಿದರೂ ಪಾಯಿಸನ್ ಒಂದೇ. ಅದಕ್ಕೆ ಗ್ರೋತ್ ಹಾಕುವುದು ದಂಡ. ಟಾಕ್ಸಿಕ್‌ಗೆ ಜೋಡಿ ಪ್ರೊಲಿಫರೇಟ್, ಅಂದರೆ ಈಗಾಗಲೇ ಇರುವ ಕೌಂಟರ್‌ಗೆ (ಪಾಯಿಸನ್‌ನಂಥ ಗುರುತಿಗೆ) ಇನ್ನೊಂದು ಸೇರಿಸುವ ಕಾರ್ಡ್‌ಗಳು. ನಮ್ಮ ಕಡೆ ಆಲೂಗಡ್ಡೆ ಹಾಕಿದವರಿಗೆ ಅಂಗಮಾರಿ ಗೊತ್ತು. ಎಲೆ ಮೇಲೆ ಎಲ್ಲೋ ಒಂದು ಚುಕ್ಕೆ ಕಾಣಿಸುತ್ತೆ, ಆಮೇಲೆ ಸೋನೆ ಹಿಡಿದರೆ ಹೊಲವೇ ಕಪ್ಪು. ಪ್ರೊಲಿಫರೇಟ್ ಆ ಸೋನೆ ಇದ್ದ ಹಾಗೆ. ಮೊದಲ ಚುಕ್ಕೆ ಬೀಳದಿದ್ದರೆ ಎಷ್ಟು ಸುರಿದರೂ ಏನೂ ಆಗಲ್ಲ. ಅದು ಬೇರೆಯದೇ ಡೆಕ್. ಆಸೆ ಇದ್ದರೆ ಬೇರೆಯಾಗೇ ಕಟ್ಟಿ, ಇದರೊಳಗೆ ತುರುಕಬೇಡಿ.

ಅಂದಹಾಗೆ, ಹೊಳೆಯುವ ಫಾಯಿಲ್ ಕಾರ್ಡ್ ಇದ್ದರೆ ಮಳೆಗಾಲದಲ್ಲಿ ಹೊರಗೆ ಬಿಡಬೇಡಿ. ಸಕಲೇಶಪುರದಲ್ಲಿ ಒಂದು ವಾರ ಇದ್ದು ಬಂದ ನನ್ನ ಕಾರ್ಡ್‌ಗಳು ಹಪ್ಪಳದ ಹಾಗೆ ಸೊಟ್ಟಗಾದವು.

ಪ್ರಶ್ನೆ: ನನ್ನ ಮಗ ಯಾವ ಆಟದಲ್ಲೂ ಕೆಟ್ಟವರ ಪಡೆಯನ್ನೇ ಆರಿಸುತ್ತಾನೆ. ಬುದ್ಧಿ ಹೇಳಬೇಕಾ? (ತಾಯಿಯೊಬ್ಬರು, ಅರಸೀಕೆರೆ)

ಉತ್ತರ: ಬೇಡಮ್ಮ. ನಮ್ಮಪ್ಪ ಊರ ಹಬ್ಬದ ನಾಟಕದಲ್ಲಿ ಜಾಸ್ತಿ ದುಡ್ಡು ಕಟ್ಟಿ ದುರ್ಯೋಧನನ ಪಾತ್ರ ಹಿಡಿಯುತ್ತಿದ್ದರು. ಧರ್ಮರಾಯ ಅಗ್ಗಕ್ಕೆ ಸಿಗುತ್ತಿದ್ದ, ಆದರೂ ಯಾರಿಗೂ ಬೇಡ. ನೀವು ನೋಡಬೇಕಾದದ್ದು ಖರ್ಚು. ಸೀಲ್ ಪ್ಯಾಕ್‌ನಲ್ಲಿ ಯಾವ ಕಾರ್ಡ್ ಬರುತ್ತೋ ಗೊತ್ತಿರಲ್ಲ, ಹುಡುಗರು ಒಂದರ ಮೇಲೊಂದು ಒಡೆಯುತ್ತಲೇ ಇರುತ್ತಾರೆ. ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳಲು ಹೇಳಿ.