ಎಂಬಿಬಿಎಸ್ ಮುಗಿಸಿದವರು ಪಿಜಿ (ಸ್ನಾತಕೋತ್ತರ ಓದು) ಬೇಡ ಅನ್ನುತ್ತಿರುವುದು ಯಾಕೆ? ಈಗಿನವರಿಗೆ ಕಷ್ಟಪಡುವ ಮನಸ್ಸಿಲ್ಲವೇ?

ಮನಸ್ಸಿಲ್ಲದೆ ಅಲ್ಲ ಸಾರ್. ನಿಮ್ಮ ಮಗ ಇಂಟರ್ನ್‌ಶಿಪ್ ಮುಗಿಸಿ ಪಿಜಿ ಬೇಡ ಅಂತ ಕೂತಿದ್ದಾನೆ ಎಂದು ಬರೆದಿದ್ದೀರಿ. ನಾನು ಜನರಲ್ ಮೆಡಿಸಿನ್ ಸೀಟು ಹಿಡಿದು, ಮೊದಲ ವರ್ಷವೇ ಬಿಟ್ಟು ಬಂದವನು.

ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಪಿಜಿ ಪ್ರವೇಶ ಪರೀಕ್ಷೆ ನೀಟ್ ಪಿಜಿಗೆ ಓದಿದೆ. ಒಳ್ಳೆಯ ರ‍್ಯಾಂಕ್ ಬಂತು. ತೀರ್ಥಹಳ್ಳಿಯಲ್ಲಿ ಅಪ್ಪ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಸೀಟು ಆರಿಸುವಾಗ ನಾನು ಕೇಳಿದ್ದು ಫೀಸು, ಸ್ಟೈಪೆಂಡ್, ಹಾಸ್ಟೆಲ್, ಎಷ್ಟು ಕೇಸ್ ಬರುತ್ತವೆ, ಇಷ್ಟೇ. ಒಂದು ಯೂನಿಟ್‌ನಲ್ಲಿ, ಅಂದರೆ ವಿಭಾಗದ ಒಂದು ಡಾಕ್ಟರ್ ತಂಡದಲ್ಲಿ, ಪಿಜಿ ಓದುವವರು ಎಷ್ಟು ಜನ ಅಂತ ಕೇಳಲೇ ಇಲ್ಲ. ಅಲ್ಲೇ ಎಡವಿದ್ದು. ರೋಗಿಗಳು ಜಾಸ್ತಿ ಇದ್ದರೆ ಕಲಿಯುವುದೂ ಜಾಸ್ತಿ ಅಂದುಕೊಂಡಿದ್ದೆ. ಪಿಜಿಗಳು ಸಾಕಷ್ಟಿದ್ದರೆ ಮಾತ್ರ ಅದು ನಿಜ. ಇಬ್ಬರೇ ಇದ್ದು ಒಬ್ಬರು ರಜೆ ಹಾಕಿದರೆ ಇಡೀ ವಾರ್ಡು ಫಸ್ಟ್ ಇಯರ್ ತಲೆ ಮೇಲೆ. ಅದರ ಮೇಲೆ, ನಾನು ವಿಚಾರಿಸಿದ್ದು ಓದು ಮುಗಿಸಿ ಹೋದ ಸೀನಿಯರ್‌ಗಳನ್ನು. ಹೊರಗೆ ಬಂದವರು "ಮೂರು ವರ್ಷ ಹಲ್ಲು ಕಚ್ಚಿಕೊಂಡಿರು, ಆಗುತ್ತೆ" ಅಂತಾರೆ. ಒಳಗಿದ್ದ ಸೆಕೆಂಡ್ ಇಯರ್‌ನವರಿಗೆ ಒಂದು ಫೋನ್ ಮಾಡಿದ್ದರೆ ಆ ಕಾಲೇಜನ್ನು ಆಯ್ಕೆ ಪಟ್ಟಿಗೇ ಹಾಕುತ್ತಿರಲಿಲ್ಲ.

ಬೆಳಿಗ್ಗೆ ರೌಂಡ್ಸ್‌ಗೆ ಮುಂಚೆ ವಾರ್ಡಿನ ಅಷ್ಟೂ ಜನರ ರಕ್ತ ತೆಗೆದು, ಟ್ಯೂಬ್‌ಗಳ ಮೇಲೆ ಹೆಸರು ಬರೆದು, ನಾನೇ ಲ್ಯಾಬ್‌ಗೆ ಕೊಟ್ಟು ಬರಬೇಕು. ಮಧ್ಯಾಹ್ನ ಸಿಟಿ ಸ್ಕ್ಯಾನ್ ರಿಪೋರ್ಟ್ ಹಿಂದೆ ಓಡಾಟ. ರಾತ್ರಿ ಕ್ಯಾಶುವಾಲ್ಟಿ. ಮರುದಿನ ಅದೇ ಅಂಗಿಯಲ್ಲಿ ಮತ್ತೆ ರೌಂಡ್ಸ್. ಒಂದು ರಾತ್ರಿ ಒಬ್ಬ ಅಜ್ಜಿಗೆ ಇನ್ಸುಲಿನ್ 6 ಯೂನಿಟ್ ಬರೆಯುವಲ್ಲಿ 60 ಅಂತ ಬರೆದೆ. ಸಿಸ್ಟರ್ ನೋಡಿ ಕೇಳಿದ್ದರಿಂದ ಆ ಅಜ್ಜಿ ಉಳಿದರು. ಆಮೇಲೆ ನನಗೆ ಅಲ್ಲಿರಲು ಆಗಲಿಲ್ಲ. ಸೀಟು ಬಿಟ್ಟಿದ್ದಕ್ಕೆ ದಂಡ ಕಟ್ಟುವ ತನಕ ಒರಿಜಿನಲ್ ಸರ್ಟಿಫಿಕೇಟ್ ಕೊಡಲಿಲ್ಲ. ಆ ವರ್ಷ ಅಡಿಕೆ ಮಾರಿದ ದುಡ್ಡೆಲ್ಲ ಅದಕ್ಕೇ ಹೋಯಿತು.

ರೆಸಿಡೆಂಟ್‌ಗಳ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಾ ಪಿಜಿ ಓದುವವರ, ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಸಾಕು ಅಂತ ಶಿಫಾರಸು ಮಾಡಿತು. ಅದೊಂದನ್ನು ಪಾಲಿಸಿದರೂ ಸಾಕು, ನಮ್ಮ ಹುಡುಗರು ಪಿಜಿಗೆ ವಾಪಸ್ ಬರುತ್ತಾರೆ. ಡ್ಯೂಟಿ ಸರಿಮಾಡುವುದು ಬಿಟ್ಟು 2023ರಲ್ಲಿ ಖಾಲಿ ಸೀಟು ತುಂಬಿಸಲು ನೀಟ್ ಪಿಜಿ ಕಟ್‌ಆಫ್ ಅನ್ನೇ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು, ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ಅನಾಟಮಿ, ಫಿಸಿಯಾಲಜಿಯಂಥ ಸೀಟು ಖಾಲಿ ಉಳಿಯುವುದು ಅಂಕದ ಕೊರತೆಯಿಂದ ಅಲ್ಲ. ರೋಗಿಗಳನ್ನು ನೋಡಬೇಕು ಅಂತ ಡಾಕ್ಟರ್ ಆದವರು ಅಲ್ಲಿಗೆ ಯಾಕೆ ಹೋಗುತ್ತಾರೆ ಹೇಳಿ.

"ಬರೀ ಎಂಬಿಬಿಎಸ್‌ಗೆ ಏನು ಬೆಲೆ" ಅಂತಲೂ ಕೇಳಿದ್ದೀರಿ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ಈಗ ಹೊಸನಗರ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ. ಬೇಸಿಗೆಯಲ್ಲಿ ಜ್ವರ ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು, "ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗಿದ್ರಾ? ಉಣುಗು (ಉಣ್ಣೆ ಹುಳ) ಕಚ್ಚಿತ್ತಾ?" ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಅದನ್ನು ಬೇಗ ಅನುಮಾನಿಸಿ ರಕ್ತ ಪರೀಕ್ಷೆಗೆ ಕಳಿಸುವುದು ನನ್ನಂಥ ಬರೀ ಎಂಬಿಬಿಎಸ್ ಡಾಕ್ಟರೇ.

ಹಾಗಂತ ಸ್ಪೆಷಲಿಸ್ಟ್ ಬೇಡ ಅನ್ನುತ್ತಿಲ್ಲ. ಹೆರಿಗೆ ಕಷ್ಟವಾದ ಹೆಂಗಸನ್ನು ಮಳೆಗಾಲದ ರಾತ್ರಿ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕಳಿಸುವಾಗ ಜೀವ ಬಾಯಿಗೆ ಬಂದಿರುತ್ತದೆ. ನಮ್ಮ ತಾಲ್ಲೂಕುಗಳಿಗೆ ಅರಿವಳಿಕೆ ತಜ್ಞರು, ಹೆರಿಗೆ ತಜ್ಞರು ಬೇಕೇ ಬೇಕು.

ಮಗನನ್ನು ಈಗ ಒತ್ತಾಯ ಮಾಡಬೇಡಿ. ಸ್ವಲ್ಪ ದಿನ ಹಳ್ಳಿ ಆಸ್ಪತ್ರೆಯಲ್ಲಿ ಕೆಲಸ ಮಾಡಲಿ, ಯಾವ ಕೆಲಸ ಇಷ್ಟ ಅಂತ ಅವನಿಗೇ ಗೊತ್ತಾಗುತ್ತದೆ. ಮೂರು ವರ್ಷ ಬೇಡ ಅನ್ನಿಸಿದರೆ ಎಂಬಿಬಿಎಸ್ ನಂತರ ಎರಡು ವರ್ಷದ ಡಿಎನ್‌ಬಿ ಡಿಪ್ಲೊಮಾ ಇದೆ, ಅದರಲ್ಲಿ ಫ್ಯಾಮಿಲಿ ಮೆಡಿಸಿನ್ ಕೂಡ ಉಂಟು. ಯಾವುದೇ ಸೀಟಾಗಲಿ, ಆಯ್ಕೆ ಪಟ್ಟಿ ತುಂಬುವ ಮುಂಚೆ ಆ ವಿಭಾಗದ ಸೆಕೆಂಡ್ ಇಯರ್ ಪಿಜಿ ಒಬ್ಬರನ್ನು ಹುಡುಕಿ ಮಾತಾಡಲಿ. ಯೂನಿಟ್‌ನಲ್ಲಿ ಎಷ್ಟು ಜನ, ನೈಟ್ ಡ್ಯೂಟಿ ಮರುದಿನ ಮಲಗಲು ಬಿಡುತ್ತಾರಾ, ಹಿಂದಿನ ವರ್ಷ ಯಾರಾದರೂ ಬಿಟ್ಟು ಹೋದರಾ, ಈ ಮೂರನ್ನು ಕೇಳಲಿ. ನಾನು ಈ ಸಲ ಮತ್ತೆ ನೀಟ್ ಬರೆಯುತ್ತಿದ್ದೇನೆ, ಅದನ್ನೇ ಮಾಡುತ್ತೇನೆ.