ಓದುಗರ ಪ್ರಶ್ನೆ: ಬಾಹ್ಯಾಕಾಶದ ಕಿರುಪುಸ್ತಿಕೆ ಮನವೊಲಿಸುವುದು ಹೇಗೆ?

ಪ್ರಶ್ನೆ: ರಾಯಚೂರು ಜಿಲ್ಲೆಯ ಸರಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನದಂದು ನಮ್ಮ ವಿದ್ಯಾರ್ಥಿಗಳು ಹದಿನಾರು ಪುಟಗಳ ಕಿರುಪುಸ್ತಿಕೆಯನ್ನು ಮನೆಮನೆಗೆ ಹಂಚಲಿದ್ದಾರೆ. ಆದರೆ ಊರಿನ ಹಿರಿಯರು, "ಕುಡ್ಯಾಕ ನೀರಿಲ್ಲ, ಚಂದ್ರನ ಮ್ಯಾಲ ಹೋಗಿ ಏನ್ ಮಾಡ್ತೀರಿ?" ಎಂದು ಕೇಳುತ್ತಾರೆ. ಇವರಿಗೂ ಒಪ್ಪಿಗೆಯಾಗುವಂತೆ ಬರೆಯುವುದು ಹೇಗೆ?

ಉತ್ತರ: ಆ ಹಿರಿಯರ ಪ್ರಶ್ನೆಯನ್ನೇ, ಅವರು ಆಡಿದ ಮಾತಿನಲ್ಲೇ, ಮೊದಲ ಪುಟದಲ್ಲಿ ಅಚ್ಚು ಹಾಕಿಸಿರಿ. ಇಂಥ ಪುಸ್ತಿಕೆಗಳು ಸಾಮಾನ್ಯವಾಗಿ ಆಕಾಶಗಂಗೆಯ ಚಿತ್ರದಿಂದ ಆರಂಭವಾಗಿ, 1957ರ ಸ್ಪುಟ್ನಿಕ್‌ನಿಂದ ಇಂದಿನವರೆಗಿನ ಸಾಧನೆಗಳ ಪಟ್ಟಿಯನ್ನು ಒಪ್ಪಿಸುತ್ತವೆ. ಮೊದಲೇ ಒಪ್ಪಿಕೊಂಡವರು ಅವುಗಳನ್ನು ಮೆಚ್ಚುತ್ತಾರೆ, ಆಕ್ಷೇಪವಿದ್ದವರು ಎರಡನೆಯ ಪುಟಕ್ಕೇ ಮಡಚಿಡುತ್ತಾರೆ. ತನ್ನ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ ಎಂದು ಕಂಡರೆ ಮಾತ್ರ ಅನುಮಾನವುಳ್ಳ ಓದುಗ ಮುಂದಕ್ಕೆ ಓದುತ್ತಾನೆ.

ಖರ್ಚಿನ ವಿಷಯವನ್ನು ಮರೆಮಾಚಬೇಡಿ. 2024-25ರ ಕೇಂದ್ರ ಬಜೆಟ್ಟಿನ ಗಾತ್ರ ಸುಮಾರು 48 ಲಕ್ಷ ಕೋಟಿ ರೂಪಾಯಿ; ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ದೊರೆತದ್ದು ಸುಮಾರು 13 ಸಾವಿರ ಕೋಟಿ, ಅಂದರೆ ನೂರು ರೂಪಾಯಿಗೆ 27 ಪೈಸೆ. ತಲಾ ಲೆಕ್ಕ ಹಾಕಿದರೆ ವರ್ಷಕ್ಕೆ ನೂರು ರೂಪಾಯಿಗೂ ಕಡಿಮೆ. ಇಷ್ಟು ಸಾಕು. ಮಂಗಳಯಾನಕ್ಕೆ ತಗುಲಿದ 450 ಕೋಟಿಯನ್ನು ಹಾಲಿವುಡ್ ಚಿತ್ರದ ಬಂಡವಾಳದೊಂದಿಗೋ ಆಟೋ ದರದೊಂದಿಗೋ ಹೋಲಿಸುವ ರೂಢಿಯಿದೆ. ಅದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸೀತು, ಆದರೆ ಅಗ್ಗವಾದದ್ದೆಲ್ಲ ಅಗತ್ಯವೇ ಎಂಬ ಮರುಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ನೀರಿನ ಪ್ರಶ್ನೆಗೆ ಉತ್ತರ ಕೊಡಲು ಚಂದ್ರಯಾನವನ್ನು ಮುಂದಿಡಬೇಡಿ. 2008ರ ಚಂದ್ರಯಾನ-1 ಚಂದ್ರನ ಮೇಲ್ಮೈಯಲ್ಲಿ ನೀರಿನ ಅಣುಗಳ ಕುರುಹು ಕಂಡುಹಿಡಿಯಲು ನೆರವಾದದ್ದು ದೊಡ್ಡ ಸಂಗತಿಯೇ ಹೌದು. ಆದರೆ ಬತ್ತಿದ ಬೋರ್‌ವೆಲ್ಲಿನ ಮುಂದೆ ನಿಂತವರಿಗೆ ಅದನ್ನು ಹೇಳಿದರೆ ಗೇಲಿ ಮಾಡಿದಂತಾದೀತು. ಹೇಳಬೇಕಾದದ್ದು ದೂರಸಂವೇದಿ ಉಪಗ್ರಹಗಳ, ಅಂದರೆ ಮೇಲಿನಿಂದಲೇ ನೆಲದ ಚಿತ್ರ ತೆಗೆಯುವ ಉಪಗ್ರಹಗಳ, ಕೆಲಸ. ನಿಮ್ಮ ಭಾಗದಂಥ ಗಟ್ಟಿ ಕಲ್ಲಿನ ನೆಲದಲ್ಲಿ ಅಂತರ್ಜಲ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ, ಬಂಡೆಯ ಬಿರುಕುಗಳಲ್ಲಿ ಸೇರಿಕೊಂಡಿರುತ್ತದೆ. ನೆಲದ ಮೇಲೆ ನಿಂತವರಿಗೆ ಕಾಣದ ಇಂಥ ಬಿರುಕುಗಳು, ಮೈಲುಗಟ್ಟಲೆ ಉದ್ದದ ಗೆರೆಗಳಾಗಿ, ಉಪಗ್ರಹದ ಚಿತ್ರದಲ್ಲಿ ಗೋಚರಿಸುತ್ತವೆ. ಇಸ್ರೋದ ಹೈದರಾಬಾದ್ ಕೇಂದ್ರವು ಇಂಥ ಚಿತ್ರಗಳನ್ನೂ ಕ್ಷೇತ್ರಕಾರ್ಯವನ್ನೂ ಆಧರಿಸಿ ರಾಷ್ಟ್ರೀಯ ಕುಡಿಯುವ ನೀರು ಯೋಜನೆಗಾಗಿ ಅಂತರ್ಜಲ ಸಾಧ್ಯತೆಯ ನಕಾಶೆಗಳನ್ನು ತಯಾರಿಸಿದೆ. ನಕಾಶೆ ನೀರನ್ನು ಉಕ್ಕಿಸುವುದಿಲ್ಲ, ಎಲ್ಲಿ ಕೊರೆದರೆ ಸಿಗುವ ಸಂಭವ ಹೆಚ್ಚು ಎಂಬುದನ್ನಷ್ಟೇ ಹೇಳುತ್ತದೆ ಎಂಬ ಮಾತನ್ನೂ ಅದೇ ಪುಟದಲ್ಲಿ ಸೇರಿಸಿರಿ.

ಇನ್ನು ನಿಮ್ಮ ಜಿಲ್ಲೆಗೇ ಸೇರಿದ ಒಂದು ಚರಿತ್ರೆಯಿದೆ; ಅದಕ್ಕೆ ಎರಡು ಪುಟ ಮೀಸಲಿಟ್ಟರೂ ಹೆಚ್ಚಾಗದು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ಕಾರ್ಯಕ್ರಮಗಳನ್ನು ತಲುಪಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಆಂಟೆನಾ ಊರಿನ ಸಾರ್ವಜನಿಕ ಕಟ್ಟಡದ ಬಳಿ ನಿಲ್ಲುತ್ತಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಕೃಷಿ, ಆರೋಗ್ಯ ಮುಂತಾದ ಕಾರ್ಯಕ್ರಮಗಳು. ಅಂದು ನೆಲದ ಮೇಲೆ ಕುಳಿತು ನೋಡಿದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ನಿಮಗೆ ಆಕ್ಷೇಪ ಹೇಳುತ್ತಿರುವ ಹಿರಿಯರಲ್ಲೇ ಅಂಥವರು ಇದ್ದರೂ ಇರಬಹುದು. ವಿದ್ಯಾರ್ಥಿಗಳು ಹುಡುಕಿ ಮಾತನಾಡಿಸಿ, ಅವರ ಒಪ್ಪಿಗೆ ಪಡೆದು, ನೆನಪುಗಳನ್ನು ಇದ್ದಂತೆಯೇ ಬರೆದುಕೊಳ್ಳಲಿ. ಆ ಪ್ರಯೋಗದಿಂದ ಏನೂ ಪ್ರಯೋಜನವಾಗಲಿಲ್ಲ ಎಂದು ಯಾರಾದರೂ ಹೇಳಿದರೆ ಅದಕ್ಕೂ ಜಾಗ ಕೊಡಿ.

ಪ್ರಶ್ನೆ: ಪ್ರಚಾರದ ಪುಸ್ತಿಕೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೆ ತಪ್ಪೇನು? ಸೋಲುಗಳ ಕಥೆಯನ್ನು ನಾವೇ ಏಕೆ ಹೇಳಬೇಕು? (ಪದವಿ ವಿದ್ಯಾರ್ಥಿ, ಧಾರವಾಡ)

ಉತ್ತರ: ತಪ್ಪು ಸಿಕ್ಕಿಬಿದ್ದರೆ ಅದರ ಜೊತೆಗಿರುವ ನಿಜವೂ ನಂಬಿಕೆ ಕಳೆದುಕೊಳ್ಳುತ್ತದೆ. ಟೆಫ್ಲಾನ್ ಬಾಹ್ಯಾಕಾಶ ಸಂಶೋಧನೆಯ ಕೊಡುಗೆ ಎಂದು ಎಷ್ಟೋ ಪುಸ್ತಿಕೆಗಳು ಬರೆಯುತ್ತವೆ. ಅದು 1938ರಲ್ಲೇ, ನಾಸಾ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ, ಕಂಡುಹಿಡಿದ ವಸ್ತು. ಹಾಗೆಯೇ ಚಂದ್ರಯಾನ-3 ದಕ್ಷಿಣ ಧ್ರುವದ ಮೇಲೆಯೇ ಇಳಿಯಿತು ಎಂದು ಬರೆಯಬೇಡಿ. ಇಳಿದ ತಾಣ ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಧ್ರುವದ ಕಡೆಗೆ ಅಷ್ಟು ಸಮೀಪದಲ್ಲಿ ಅದಕ್ಕಿಂತ ಮೊದಲು ಯಾರೂ ಸುರಕ್ಷಿತವಾಗಿ ಇಳಿದಿರಲಿಲ್ಲ ಎಂಬ ನಿಜವೇ ಸಾಕಷ್ಟು ದೊಡ್ಡದು.

ಸೋಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಖಚಿತ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಇಳಿಯುವ ನೌಕೆ ವಿಕ್ರಮ್ ಚಂದ್ರನ ನೆಲಕ್ಕೆ ಅಪ್ಪಳಿಸಿದ್ದಕ್ಕೆ, ಎಂಜಿನ್ನುಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟದ್ದು, ಹೀಗೆ ಕೂಡಿಬಂದ ವ್ಯತ್ಯಾಸವನ್ನು ಸರಿಪಡಿಸಲು ನೌಕೆ ಸಾಕಷ್ಟು ವೇಗವಾಗಿ ಹೊರಳಲಾಗದೆ ಹೋದದ್ದು, ಇಳಿಯಬೇಕಾದ ಜಾಗ ಕೇವಲ 500 ಮೀಟರ್ ಉದ್ದಗಲವಿದ್ದದ್ದು ಕಾರಣಗಳೆಂದು ಇಸ್ರೋ ವಿವರಿಸಿದೆ. ಮುಂದಿನ ಬಾರಿ, ಚಂದ್ರಯಾನ-3ಕ್ಕಾಗಿ, ಆ ಜಾಗವನ್ನು ಸುಮಾರು 4 ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು, ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು. 2023ರ ಆಗಸ್ಟ್ 23ರ ಸಂಜೆ ಅದು ಇಳಿಯಿತು. ಈ ಎರಡು ಇಳಿತಗಳನ್ನು ಎದುರುಬದುರು ಪುಟಗಳಲ್ಲಿ, ಒಂದೇ ಅಳತೆಯ ನಕ್ಷೆಗಳ ಮೂಲಕ ತೋರಿಸಿದರೆ, ಹಣ ಹೇಗೆ ಪಾಠವಾಗಿ ಬದಲಾಯಿತೆಂಬುದನ್ನು ಓದುಗ ಕಣ್ಣಾರೆ ಕಾಣುತ್ತಾನೆ. ಇಳಿಯುವ ನೌಕೆಯ ಸಂವೇದಕಗಳನ್ನು ಪರೀಕ್ಷಿಸಲು ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿದ್ದರೆಂಬ ಸಂಗತಿಯನ್ನೂ ಅಲ್ಲೇ ಸೇರಿಸಬಹುದು.

ಪ್ರಶ್ನೆ: ಬಾಹ್ಯಾಕಾಶದ ಪುಸ್ತಿಕೆಯೆಂದರೆ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ ಎಂದು ಎಲ್ಲರೂ ಕೇಳುತ್ತಾರೆ. ಇದು ಸರಿಯೇ? (ಡಿಟಿಪಿ ಕೆಲಸಗಾರ, ದಾವಣಗೆರೆ)

ಉತ್ತರ: ರಕ್ಷಾಪುಟಕ್ಕೆ ಸರಿ, ಒಳಪುಟಗಳಿಗೆ ಬೇಡ. ಹೊಳಪಿಲ್ಲದ ಮ್ಯಾಪ್ಲಿಥೋ ಕಾಗದದಲ್ಲಿ ಹಿನ್ನೆಲೆಯ ಶಾಯಿ ಹರಡಿ, ಕನ್ನಡ ಅಕ್ಷರಗಳ ಸಣ್ಣ ಸುರುಳಿಗಳೂ ಒತ್ತಕ್ಷರಗಳೂ ಮುಚ್ಚಿಹೋಗುತ್ತವೆ. ಬಣ್ಣದ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಬಿಳಿ ಅಕ್ಷರದ ಅಂಚಿಗೆ ಬಣ್ಣ ಮೆತ್ತಿಕೊಳ್ಳುತ್ತದೆ. ಹಿರಿಯರೂ ಓದುವ ಪುಸ್ತಿಕೆಯಾದ್ದರಿಂದ ಅಕ್ಷರ 13 ಪಾಯಿಂಟಿಗೆ ಕಡಿಮೆಯಾಗದಿರಲಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರವಿರಲಿ. 'ನುಡಿ' ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿದ ಪಠ್ಯದಲ್ಲಿ ಅರ್ಕಾವೊತ್ತು ಸ್ಥಾನಪಲ್ಲಟವಾಗುವುದುಂಟು. ಕರಡನ್ನು ಕಾಗದದ ಮೇಲೆ ತೆಗೆದೇ ತಿದ್ದಿರಿ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಗುಣಕದಲ್ಲಿರಬೇಕು. ಉಪಗ್ರಹದ ಚಿತ್ರದಲ್ಲಿ ಗಿಡಮರಗಳು ಕೆಂಪಾಗಿ ಕಂಡರೆ, ಅದು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ತೋರಿಸಲು ಕೊಟ್ಟ ಬಣ್ಣವೆಂದು ಚಿತ್ರದ ಕೆಳಗೆ ಬರೆಯಿರಿ. ಇಲ್ಲದಿದ್ದರೆ ಊರಿನವರು ತಮ್ಮ ಹೊಲಕ್ಕೆ ಬೆಂಕಿ ಬಿದ್ದಿದೆಯೇ ಎಂದು ಕೇಳಿಯಾರು. ಚಿತ್ರ ಯಾವ ಸಂಸ್ಥೆಯದು ಎಂಬುದನ್ನೂ ಅಲ್ಲೇ ನಮೂದಿಸಿ, ಬಳಕೆಯ ನಿಯಮಗಳನ್ನು ಮುದ್ರಣಕ್ಕೆ ಮೊದಲೇ ನೋಡಿಕೊಳ್ಳಿರಿ.