ಬಾಯಿ ಕ್ಯಾನ್ಸರ್‌ಗೆ ಕೀಮೋ, ರೇಡಿಯೇಷನ್ ನಡೆಯುವಾಗ ಗಂಜಿ, ಎಳನೀರು ಸಾಕಾ?

ತೀರ್ಥಹಳ್ಳಿ ಕಡೆಯವರು ಅಂದಿದ್ದೀರಿ. ತಂದೆಯವರಿಗೆ ಕೆನ್ನೆಯ ಒಳಗೆ ಕ್ಯಾನ್ಸರ್, ಮಣಿಪಾಲದಲ್ಲಿ ರೇಡಿಯೇಷನ್ ಜೊತೆ ವಾರಕ್ಕೊಂದು ಸಿಸ್‌ಪ್ಲಾಟಿನ್ (ಕೀಮೋ ಔಷಧಿ), ಈಗ ಮೂರನೇ ವಾರ. ಗಂಜಿ ತಿಳಿ, ಎಳನೀರು ಬಿಟ್ಟು ಏನೂ ಇಳಿಯುತ್ತಿಲ್ಲ, ಮೂಗಿನಿಂದ ಹೊಟ್ಟೆಗೆ ಆಹಾರದ ನಳಿಕೆ ಹಾಕಿಸಲು ಅವರು ಒಪ್ಪುತ್ತಿಲ್ಲ.

ಸಾಕಾಗುವುದಿಲ್ಲ. 60 ಕೆಜಿ ತೂಕದವರಿಗೆ ಈಗ ದಿನಕ್ಕೆ 1500–1800 ಕ್ಯಾಲೊರಿ, 70–90 ಗ್ರಾಂ ಪ್ರೋಟೀನ್ ಬೇಕು. ಒಂದು ಲೋಟ ತಿಳಿಯಲ್ಲಿ 100 ಕ್ಯಾಲೊರಿಯೂ ಇರುವುದಿಲ್ಲ, ಎಳನೀರಿನಲ್ಲಿ ಅದರ ಅರ್ಧ. ಹೊಟ್ಟೆ ತುಂಬುತ್ತದೆ, ತೂಕ ಇಳಿಯುತ್ತದೆ. ತೂಕ ತೀರಾ ಇಳಿದರೆ ಮುಖದ ಅಳತೆಗೆ ಮಾಡಿದ ರೇಡಿಯೇಷನ್ ಮಾಸ್ಕ್ ಸಡಿಲವಾಗಿ, ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನ್ ಆಗಬೇಕಾದೀತು. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ.

ಗಂಜಿಯ ಬದಲು ರಾಗಿ ಮಾಲ್ಟ್ ಕೊಡಿ, ಆದರೆ ನೀರಲ್ಲಿ ಕಲಸಿದ್ದಲ್ಲ. ರಾಗಿ ಹಿಟ್ಟು 30 ಗ್ರಾಂ, ಹಾಲು 200 ಎಂಎಲ್, ನುಣ್ಣಗೆ ಪುಡಿ ಮಾಡಿದ ಹುರಿದ ಶೇಂಗಾ 15 ಗ್ರಾಂ, ಒಂದು ಚಮಚ ತುಪ್ಪ, ಸ್ವಲ್ಪ ಬೆಲ್ಲ (ಶುಗರ್ ಇದ್ದರೆ ಬೇಡ): ಸುಮಾರು 400 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ದಿನಕ್ಕೆ ನಾಲ್ಕು ಸಲ ಇದು, ಜೊತೆಗೆ ಬೇಯಿಸಿದ ಮೊಟ್ಟೆ (ಒಂದಕ್ಕೆ 6 ಗ್ರಾಂ) ಅಥವಾ ಹಾಲಿನ ಪುಡಿ ಸೇರಿದರೆ ಲೆಕ್ಕ ಕೂಡುತ್ತದೆ. ಇಷ್ಟು ಹಿಟ್ಟು ಹಾಕಿದರೆ ಮುದ್ದೆ ಆಗುತ್ತದಲ್ಲ ಅಂದರೆ, ಅದಕ್ಕೂ ದಾರಿ ಇದೆ. ಬೇಯಿಸಿ ಇಳಿಸಿ, ಕುದಿ ನಿಂತು ಬಿಸಿ ಇರುವಾಗಲೇ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಕಲಸಿ ಹತ್ತು ನಿಮಿಷ ಮುಚ್ಚಿಡಿ. ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆದು ಗಟ್ಟಿ ಅಂಬಲಿ ಸುರಿಯುವಷ್ಟು ತೆಳುವಾಗುತ್ತದೆ. ಕುದಿಯುವಾಗಲೇ ಹಾಕಿದರೆ ಕಿಣ್ವ ಸಾಯುತ್ತದೆ. ಚೆನ್ನಾಗಿ ಹುರಿದ ಹಿಟ್ಟಿನಲ್ಲೂ ಅದು ಉಳಿದಿರುವುದಿಲ್ಲ. ತೆಳುವಾದ ಮೇಲೆ ಮತ್ತೊಂದು ಕುದಿ ಬರಿಸಿ, ಆರಿಸಿ ಕೊಡಿ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಿರುವಾಗ ಹಸಿ ಹಿಟ್ಟು ಸಲ್ಲದು. ಅಬ್ಬಿ (ಗುಡ್ಡದ ಝರಿ) ನೀರು, ಬಾವಿ ನೀರೂ ಕುದಿಸದೆ ಬೇಡ.

ಬಾಯಿ ಹುಣ್ಣಿಗೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಎರಡು–ಮೂರು ಗಂಟೆಗೊಮ್ಮೆ ಮುಕ್ಕಳಿಸಿ ಉಗಿಯಲಿ, ದಿನವೂ ಹೊಸದಾಗಿ ಮಾಡಿ. ಅಂಗಡಿಯ ಆಲ್ಕೋಹಾಲ್ ಇರುವ ಮೌತ್‌ವಾಶ್ ಉರಿ ಹೆಚ್ಚಿಸುತ್ತದೆ. ನೋವಿನ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು ಹೋಗಲಿ, ಊಟ ಆದ ಮೇಲೆ ಅಲ್ಲ. ಒರೆಸಿದರೆ ಕಿತ್ತು ಬರುವ ಬಿಳಿ ಪದರ ಕಂಡರೆ ಶಿಲೀಂಧ್ರದ ಸೋಂಕು ಇರಬಹುದು. ಡಾಕ್ಟರಿಗೆ ತೋರಿಸಿ, ಅದಕ್ಕೆ ಬೇರೆ ಔಷಧಿ.

ಮೆಣಸಿನ ಕಷಾಯ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ, ಪತ್ರೊಡೆ ಸದ್ಯಕ್ಕೆ ಬೇಡ. ಖಾರ ಹಾಕದ ಒಂದೆಲಗದ ತಂಬುಳಿಯನ್ನು ಸೊಪ್ಪು ಬೇಯಿಸಿ, ಸೋಸಿ ಕೊಡಬಹುದು. ಕವಳ (ಎಲೆ ಅಡಿಕೆ) ಪೂರ್ತಿ ನಿಲ್ಲಬೇಕು, ಹೊಗೆಸೊಪ್ಪು ಇಲ್ಲದ್ದೂ ಸಹ, ಅಡಿಕೆಯೇ ಕ್ಯಾನ್ಸರ್‌ಕಾರಕ. (ಅಡಿಕೆ ತೋಟದವರಿಗೆ ಇದು ಕಹಿ ಮಾತು, ಗೊತ್ತು.) ಹೇಗೂ ನಾಟಿ ಔಷಧಿ ಹೇಳುವವರು ಬಂದೇ ಬರುತ್ತಾರೆ. ಸಿಸ್‌ಪ್ಲಾಟಿನ್ ಕಿಡ್ನಿಗೆ ಹೊರೆ, ಅದರ ಮೇಲೆ ಏನಿದೆಯೋ ಗೊತ್ತಿಲ್ಲದ ಚಕ್ಕೆ ಕಷಾಯ ಬೇಡ. ವಾಂತಿ ಮಾತ್ರೆ ಹೇಳಿದಷ್ಟು ದಿನ ವೇಳೆಗೆ ಸರಿಯಾಗಿ ಹೋಗಲಿ: ಈ ಔಷಧಿಯ ವಾಂತಿ ಎರಡು–ಮೂರನೇ ದಿನವೂ ಬರುತ್ತದೆ.

ನಳಿಕೆ ಈಗಲೇ ಹಾಕಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಹುಣ್ಣು ಇನ್ನೂ ಹೆಚ್ಚುವ ಕಾಲ ಇದು, ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಇರುತ್ತದೆ. ನಳಿಕೆಯಲ್ಲಿ ಒಂದು ಸಲಕ್ಕೆ 200–250 ಎಂಎಲ್ ತೆಳು ಆಹಾರ, ಬಟ್ಟೆಯಲ್ಲಿ ಸೋಸಿ, ಕೂರಿಸಿಕೊಂಡು ನಿಧಾನಕ್ಕೆ ಇಳಿಬಿಡಿ. ಮೊದಲು, ಕೊನೆಗೆ 30 ಎಂಎಲ್ ನೀರು. ಆಮೇಲೆ ಅರ್ಧ ಗಂಟೆಯಾದರೂ ಮಲಗಬಾರದು, ಆಹಾರ ಶ್ವಾಸಕೋಶಕ್ಕೆ ಇಳಿದೀತು. ಪ್ರತಿ ಸಲ ಮೂಗಿನ ಹತ್ತಿರದ ಗುರುತು ನೋಡಿ; ಜಾರಿದ್ದರೆ ಮನೆಯಲ್ಲಿ ತಳ್ಳಬೇಡಿ. ಕೆಮ್ಮು ಬರದಿದ್ದರೆ ಬಾಯಿಂದಲೂ ಗುಟುಕು ಗುಟುಕು ನುಂಗುತ್ತಿರಲಿ, ನುಂಗುವ ಸ್ನಾಯು ಸೋಲಬಾರದು. ಐದಾರು ದಿನ ಏನೂ ಹೋಗದವರಿಗೆ ಮೊದಲ ದಿನವೇ ಪೂರ್ತಿ ಕೊಡಬಾರದು. ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫರಸ್ ಕುಸಿಯುತ್ತದೆ, ಡಯಟೀಷಿಯನ್ ಹೇಳಿದ ಹಾಗೆ ಏರಿಸಿ.

ಶನಿವಾರ, ಭಾನುವಾರ ಊರಿಗೆ ಬಂದಾಗ 100.4 ಡಿಗ್ರಿ ಜ್ವರ ಕಂಡರೆ ಪ್ಯಾರಸಿಟಮಾಲ್ ನುಂಗಿಸಿ ಸೋಮವಾರಕ್ಕೆ ಕಾಯಬೇಡಿ. ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ, ಕೀಮೋ ನಡೆಯುತ್ತಿದೆ ಅಂತ ಮೊದಲ ಮಾತಿಗೇ ಹೇಳಿ.